ಮೀನು ಸಿಗದಿರಲಪ್ಪಾ ದೇವರೇ

ದೇವರ ಮುಂದೆ ನಿಂತು ಏನನ್ನಾದರೂ ಕೊಡಪ್ಪಾ ಎಂದು ಕೇಳುವುದು ಸುಲಭ. ಕೊಡಬೇಡ ಎಂದು ಕೇಳುವುದೇ ಕಷ್ಟ. ನಮಗೂ ನಾಲಿಗೆ ಹೊರಳುವುದಿಲ್ಲ, ಅವನಿಗೂ ಅಂಥ ಅರ್ಜಿ ರೂಢಿಯಿಲ್ಲ. ಮೂರನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟ ನನಗೆ ಈ ತತ್ವ ಹೊಳೆದದ್ದು ದೇವಸ್ಥಾನದಲ್ಲಲ್ಲ. ಮಧುಗಿರಿಗೂ ಕೊರಟಗೆರೆಗೂ ನಡುವೆ ನಮ್ಮೂರ ಪಕ್ಕ ಹರಿಯುವ ಜಯಮಂಗಲಿಯ ದಂಡೆಯಲ್ಲಿ, ಹೊಂಗೆ ಮರದ ಕೆಳಗೆ ಕಾಲು ಚಾಚಿ ಕೂತಿದ್ದಾಗ. ಆ ಹೊತ್ತು ನನ್ನ ಬಾಯಲ್ಲಿ ಇದ್ದದ್ದು ಒಂದೇ ಜಪ: ಮೀನು ಸಿಗದಿರಲಪ್ಪಾ.

ಹೊಳೆಯಲ್ಲಿ ನಿಂತು ಮೀನು ಹಿಡಿಯುತ್ತಿದ್ದವಳು ನನ್ನ ಮಗಳ ಮಗಳು ಸಿಂಚನ. ಶಿರಾದ ಸ್ಕೂಲೊಂದರಲ್ಲಿ ಆಟ ಕಲಿಸುವ ಟೀಚರು. ಬೇಸಿಗೆ ರಜೆಯಲ್ಲಿ ಹಿಮಾಚಲಕ್ಕೆ ಹೋಗಿ ಬೆಟ್ಟ ಹತ್ತುವ ತರಬೇತಿ ಮುಗಿಸಿ, ಅಲ್ಲಿಂದ ನೆಟ್ಟಗೆ ನನ್ನ ಮನೆಗೇ ಬಂದಳು. ನೆಟ್ಟಗೆ ನನ್ನ ಮನೆಗೆ! ಇದನ್ನು ನಾನು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ. ಹಾಲಿನ ಡೈರಿಯ ಸಾಲಿನಲ್ಲಿ ಮುಂದಿದ್ದವರಿಗೂ ಹೇಳಿದೆ, ಹಿಂದಿದ್ದವರಿಗೂ ಹೇಳಿದೆ. ಕೊನೆಗೆ ಹಾಲು ಅಳೆಯುವವನು, "ಗೊತ್ತಾಯ್ತು ಕಣಮ್ಮ, ಮೊದ್ಲು ಹಾಲು ಹುಯ್ಯಿ" ಅಂದ.

ಅವಳು ತಂದಿದ್ದ ಉದ್ದನೆಯ ಚೀಲದಿಂದ ಬಳುಕುವ ಕೋಲೊಂದು ಹೊರಬಂತು. ಪುಟ್ಟ ಡಬ್ಬಿಯಲ್ಲಿ ಪುಕ್ಕ, ದಾರ ಸುತ್ತಿದ ಸಣ್ಣ ಸಣ್ಣ ಕೊಕ್ಕೆ.

"ಇದೇನವ್ವಾ, ಕೋಳಿ ಪುಕ್ಕ?"

"ನೊಣ ಅಜ್ಜಿ. ಅಲ್ಲಿ ಟ್ರೌಟ್ ಅಂತ ಮೀನಿದೆ, ಮೈತುಂಬ ಚುಕ್ಕಿ. ನಿಜವಾದ ಹುಳ ಅನ್ಕೊಂಡು ಇದಕ್ಕೆ ಬಾಯಿ ಹಾಕುತ್ತೆ."

"ಪಾಪದ್ ಮೀನ್ಗೂ ಸುಳ್ಳು ಹೇಳ್ತೀಯಾ?"

"ನೀನು ಎರೆಹುಳ ಚುಚ್ಚಿ ಹಾಕ್ತಿದ್ದೆಯಲ್ಲ, ಅದೇನು ಸತ್ಯ ಹೇಳಿದಂಗಾ?"

ಓದಿದ ಮಕ್ಕಳ ಜೊತೆ ವಾದ ಮಾಡಬಾರದು, ನಮ್ಮ ಮನೆಯ ಮಕ್ಕಳ ಜೊತೆಯಂತೂ ಮಾಡಲೇಬಾರದು. ಅವಳು ಅಲ್ಲಿಯ ಹೊಳೆಯ ಕಥೆ ಹೇಳಿದಳು. ವಸಂತ ಬಂದಾಗ ಬೆಟ್ಟದ ಹಿಮವೆಲ್ಲ ಕರಗಿ ನೀರು ಬೂದಿ ಕಲಸಿದ ಹಾಗೆ ಆಗಿ ಭೋರ್ಗರೆಯುತ್ತದಂತೆ. ಮೀನುಗಳು ಆ ರಭಸ ತಾಳಲಾರದೆ ದಡಕ್ಕೆ, ಬಂಡೆಯ ಮರೆಗೆ ಸರಿದು ನಿಲ್ಲುತ್ತವಂತೆ. ನಾನು ಕಣ್ಣು ಮುಚ್ಚಿಕೊಂಡು ಕೇಳಿದೆ. ಹಿಮ ಕಂಡವಳಲ್ಲ ನಾನು. ನನ್ನ ಕಣ್ಣಿಗೆ ಬಂದದ್ದು ಮಿದಿಗೇಶಿಯ ಬೆಟ್ಟದ ಮೇಲೆ ಯಾರೋ ಮೊಸರು ಸುರಿದ ಹಾಗೆ, ಅದು ಮೆಲ್ಲಗೆ ಇಳಿದು ನಮ್ಮ ಹಿತ್ತಲಿಗೆ ಬಂದ ಹಾಗೆ. ನಮಗೆ ಹಿಮವಿಲ್ಲದಿದ್ದರೇನು, ಆ ವರ್ಷ ಭರಣಿ ಮಳೆ ಚೆನ್ನಾಗಿ ಹುಯ್ದು ಜಯಮಂಗಲಿಯಲ್ಲಿ ಕೆಂಪನೆಯ ಹೊಸ ನೀರು ಓಡುತ್ತಿತ್ತು. "ಇಲ್ಲೇ ಹಿಡೀತೀನಿ ಅಜ್ಜಿ" ಅಂದಳು.

ಅಷ್ಟರಲ್ಲಿ ಬಾಗಿಲಲ್ಲಿ ಬೀಗಿತ್ತಿ! ಸಿಂಚನಳ ಅಪ್ಪನ ತಾಯಿ, ಪಾವಗಡದ ಕಡೆಯ ನಾಗಲಮಡಿಕೆಯ ನರಸಮ್ಮನವರು. ಬ್ಯಾಗು ಕೆಳಗಿಡದೆಯೇ ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ಶುರುಮಾಡಿದರು. ಅವರಿಗೆ ನಾನು ವದಿನ, ಅಂದರೆ ಅತ್ತಿಗೆ.

"ಏಂ ವದಿನಾ, ಪಿಲ್ಲನ್ನ ನೀವೇ ಇಟ್ಕಂಡ್ರೆ ನಾನೇನು ಫೋನಾಗೆ ಮುಖ ನೋಡ್ಕಂಡು ಕೂತಿರ್ಬೇಕಾ? ಮಧ್ಯಾನದ ಬಸ್ಸಿಗೆ ಕರ್ಕಂಡೋಯ್ತೀನಿ."

ಪಾವಗಡದ ಕಡೆಗೆ ನಮ್ಮೂರಿಂದ ದಿನಕ್ಕೆ ಆ ಒಂದೇ ಬಸ್ಸು. ಆಗ ನಮ್ಮ ಮನೆಯ ಪದ್ಧತಿ ಕೈಹಿಡಿಯಿತು. ಹೊಳೆಗೆ ಹೊಸ ನೀರು ಬಂದಾಗ ಮನೆಗೆ ಬಂದ ಹೆಣ್ಣುಮಗಳನ್ನು ಆ ಹೊಳೆಯ ಮೀನಿನ ಸಾರು ಉಣ್ಣಿಸದೆ ಕಳಿಸುವುದಿಲ್ಲ ನಾವು.

"ಪದ್ಧತಿ ಬುಡಕ್ಕಾಯ್ತದಾ ಬೀಗ್ರೇ? ಅವ್ಳೇ ಮೀನು ಹಿಡೀತಾಳೆ. ಸಾರು ಉಂಡ ಮ್ಯಾಕೆ ಕರ್ಕಂಡೋಗಿ."

ನರಸಮ್ಮನವರು ಪುಕ್ಕದ ನೊಣವನ್ನೂ ನನ್ನ ಮುಖವನ್ನೂ ನೋಡಿ, "ಸರೇ, ಚೂಸ್ತಾಂ" ಅಂದರು. ನೋಡೋಣ ಅಂತ. ಪುಕ್ಕಕ್ಕೆ ಬೀಳುವಷ್ಟು ಪೆದ್ದು ಮೀನು ನಮ್ಮ ಹೊಳೆಯಲ್ಲಿ ಇಲ್ಲವೆಂಬ ಧೈರ್ಯ ನನ್ನದು.

ಚೆಕ್ ಡ್ಯಾಮಿನ ಕೆಳಗೆ ಮೊಣಕಾಲುದ್ದ ನೀರಿನಲ್ಲಿ ನಿಂತು ಅವಳು ಕೋಲು ಬೀಸಿದಳು. ಮೊದಲು ಸಿಕ್ಕವಳು ನಾನೇ. ಹಿಂದಕ್ಕೆ ಬೀಸಿದ ದಾರದ ಕೊಕ್ಕೆ ಬಂದು ನನ್ನ ಸೆರಗಿಗೆ ಕಚ್ಚಿಕೊಂಡಿತು. "ದೊಡ್ಡ ಮೀನೇ ಬಿದ್ದೈತೆ!" ಎಂದು ಬೀಗಿತ್ತಿ ನಕ್ಕರು. ಬಿಡಿಸಿಕೊಂಡು ದೂರ ಕೂತೆ. ಆಮೇಲೆ ನಿಜ ಹೇಳುತ್ತೇನೆ, ನಾನು ಎಲ್ಲಿದ್ದೇನೆ ಅನ್ನುವುದೇ ಮರೆಯಿತು. ದಾರ ಗಾಳಿಯಲ್ಲಿ ಹಿಂದೆ ಹೋಗಿ, ಬಳುಕಿ, ಮುಂದೆ ಬಂದು, ರಂಗೋಲಿಯ ಎಳೆಯ ಹಾಗೆ ನೀರಿನ ಮೇಲೆ ಇಳಿಯುತ್ತಿತ್ತು. ಹೊಂಗೆ ಹೂವು ಉದುರಿ ಕೆಂಪು ನೀರಿನಲ್ಲಿ ತೇಲಿಹೋಗುತ್ತಿದ್ದವು. ಅವಳ ಬೆನ್ನು ನೋಡುತ್ತಾ ನನಗೆ ಒಮ್ಮೆ ಅವಳು ಅಂಬೆಗಾಲಿಡುವ ಕೂಸು, ಒಮ್ಮೆ ನನ್ನ ಮಗಳು, ಒಮ್ಮೆ ಲಂಗ ಎತ್ತಿ ಕಟ್ಟಿ ನೀರಿಗಿಳಿದ ನಾನೇ. ಹೊಳೆ ಓಡುತ್ತಿತ್ತು, ಹೊತ್ತು ಮಾತ್ರ ನಿಂತಿತ್ತು. ಮಧ್ಯಾಹ್ನದ ಬಸ್ಸು ಸೇತುವೆ ದಾಟಿ ಹೋಯಿತು. ಬೀಗಿತ್ತಿ ನಿಟ್ಟುಸಿರು ಬಿಟ್ಟರು. ನಾನು ನಿಟ್ಟುಸಿರಿನ ಹಾಗೆ ಕಾಣುವ ಇನ್ನೊಂದನ್ನು ಬಿಟ್ಟೆ.

ಸಂಜೆ ತುಂತುರು ಹನಿದು ನಿಂತಿತು. ಹುತ್ತದಿಂದ ರೆಕ್ಕೆಹುಳು ಎದ್ದು ನೀರಿನ ಮೇಲೆ ಬಿದ್ದವು. ಸಿಂಚನ ಡಬ್ಬಿಯಿಂದ ಅಂಥದೇ ನೊಣ ತೆಗೆದು ಕಟ್ಟಿದಳು. ಬಂಡೆಯ ಮರೆಯಲ್ಲಿ ನೀರು ಒಮ್ಮೆ ಮಿಡುಕಿತು. ಆಗ ನನಗೆ ಏನು ಬಂತೋ, ಜಪ ಮರೆತು ಎದ್ದು ನಿಂತು ಕೂಗಿದೆ: "ಅಲ್ಲೈತೆ ಕಣವ್ವಾ, ಬಂಡೆ ಹಿಂದ್ಗಡೆ! ಹಾಕು! ಎಳಿ, ಎಳಿಯೇ!"

ಎಳೆದಳು. ಕೋಲು ಬಿಲ್ಲಾಯಿತು. ಅಂಗೈಗಿಂತ ದೊಡ್ಡ ಗೆಂಡೆ ಮೀನು, ಸಂಜೆ ಬಿಸಿಲಿಗೆ ತಾಮ್ರದ ತಂಬಿಗೆಯ ಹಾಗೆ ಹೊಳೆಯಿತು. ನಾನು ಚಪ್ಪಾಳೆ ತಟ್ಟಿದೆ. ತಟ್ಟಿದ ಕೈ ಹಾಗೇ ನಿಂತಿತು. ಅಯ್ಯೋ, ಸಾರು! ನಾಳೆಯ ಬಸ್ಸು!

ಹುಡುಗಿ ಮೀನನ್ನು ನೀರಿನಲ್ಲೇ ಹಿಡಿದುಕೊಂಡು ನೋಡಿದಳು, ಏನೋ ಮಾತಾಡಿಸಿದಳು, ಕೈ ಸಡಿಲಿಸಿದಳು. ಮೀನು ಹೋಯಿತು.

"ನೀ ಇಲ್ಲು ಬಂಗಾರಂಗಾನು!" ನಿನ್ನ ಮನೆ ಬಂಗಾರವಾಗ ಎಂದು ಬೀಗಿತ್ತಿ ತಲೆ ಮೇಲೆ ಕೈ ಹೊತ್ತರು. "ಹಿಡಿದಿದ್ನ ಯಾಕೆ ಬಿಟ್ಟೆಯೇ?"

"ಮೊಟ್ಟೆ ಇತ್ತು ಅವ್ವಾ, ಪಾಪ. ಅಲ್ಲೂ ನಾವು ಹಿಂಗೇ ಮಾಡ್ತಿದ್ವಿ. ಹಿಡಿಯೋದು, ನೋಡೋದು, ಬಿಡೋದು."

ಅವರ ಕಡೆ ಅಜ್ಜಿಗೆ ಅವ್ವ ಅನ್ನುತ್ತಾರೆ. ಆ ಹಿಮಾಚಲದವರಿಗೆ ನಾನು ಮನಸ್ಸಿನಲ್ಲೇ ಅಡ್ಡಬಿದ್ದೆ. ಎಂಥ ಪುಣ್ಯವಂತರು!

"ಮೀನು ಸಿಕ್ತಲ್ಲ ವದಿನಾ, ಲೆಕ್ಕಕ್ಕೆ ಬಂತು."

"ಮಾತಾಗಿದ್ದು ಸಾರಿಂದು ಬೀಗ್ರೇ, ಮೀನಿಂದಲ್ಲ" ಅಂದೆ. ವಕೀಲರ ಹಾಗೆ.

ಆದರೆ ನರಸಮ್ಮನವರು ಪಿನಾಕಿನಿ ದಂಡೆಯಲ್ಲಿ ಬೆಳೆದವರು. ಮರುದಿನ ಬೆಳಿಗ್ಗೆ ನಾನು ಬಾಗಿಲಿಗೆ ನೀರು ಹಾಕುವಷ್ಟರಲ್ಲಿ, ನನ್ನದೇ ಹಳೆಯ ಸೀರೆಯೊಂದನ್ನು ಚೆಕ್ ಡ್ಯಾಮಿನ ನೀರಿಗೆ ಅಡ್ಡ ಹಿಡಿದು ಬಕೆಟ್ ತುಂಬ ಮೀನು ತಂದಿದ್ದರು. "ಮಾಡಮ್ಮಾ ಸಾರು" ಅಂದರು. ಸೋತವಳು ಖಾರ ಅರೆದೆ. ಸೋತೆನೆಂದು ಸಾರು ಕೆಡಿಸಲಾಗುತ್ತದೆಯೇ? ಹುಣಸೆಹುಳಿ ಬಿಟ್ಟು, ಕೊತ್ತಂಬರಿ ಹಾಕಿ, ಮುದ್ದೆ ತೊಳಸಿ, ಬೀಗಿತ್ತಿಗೆ ಬಡಿಸಿದೆ. ಮತ್ತೆ ಬಡಿಸಿದೆ. ಬೇಡವೆಂದಾಗಲೂ ಬಡಿಸಿದೆ. ಉಂಡವರು ನಡುಮನೆಯ ಚಾಪೆಯ ಮೇಲೆ "ಒಂಚೂರು ಒರಗ್ತೀನಿ" ಎಂದು ಒರಗಿದರು. ನಾನು ಫ್ಯಾನು ಜೋರು ಮಾಡಿದೆ. ಬಸ್ಸು ಬರುವ ಹೊತ್ತಾಯಿತು. ಹಾರ್ನು ಕೇಳಿಸದಿರಲೆಂದು ಬಾಗಿಲನ್ನು ಮೆಲ್ಲಗೆ ಮುಂದಕ್ಕೆಳೆದು, ಜಗಲಿಯ ಮೇಲೆ ಕೂತು, ಅಕ್ಕಿಯಲ್ಲಿಲ್ಲದ ಕಲ್ಲು ಆರಿಸತೊಡಗಿದೆ. ಬಸ್ಸು ಬಂತು, ಕೂಗಿತು, ಹೋಯಿತು.

ದಾರ ಸುತ್ತುತ್ತಿದ್ದ ಸಿಂಚನ ತಲೆ ಎತ್ತಿದಳು. "ಅಜ್ಜೀ, ಹಿಡಿದಿದ್ದನ್ನ ಬಿಡ್ಬೇಕು."

"ಬುಡ್ತೀನಿ ಕಣವ್ವಾ. ನಾಳೆ ಬುಡ್ತೀನಿ. ಯಾರ್ಗೂ ಹೇಳ್ಬ್ಯಾಡ."

ಆಗ ಬಾಗಿಲ ಹಿಂದಿನಿಂದ ದನಿ ಬಂತು. ಅದರಲ್ಲಿ ನಿದ್ದೆಯ ಸುಳಿವೇ ಇರಲಿಲ್ಲ.

"ವದಿನಾ, ಬಸ್ಸು ಹೋಯ್ತಾ?"

"ಹೋಯ್ತು ಬೀಗ್ರೇ."

"ಮಂಚಿದಿ, ಒಳ್ಳೇದೇ ಆಯ್ತು. ಇನ್ನೊಂದೆರಡು ದಿನ ಇಲ್ಲೇ ಇರಾಣ ಅಂತ ನೆನ್ನೇನೇ ಅನ್ಕಂಡಿದ್ದೆ, ನೀವೇ ಕರೀಲಿಲ್ಲ. ರಾತ್ರಿಗೂ ಸಾರು ಐತೆ ತಾನೇ?"

ನಾನು ಕೈಯಲ್ಲಿದ್ದ ಅಕ್ಕಿಯನ್ನು ಮೊರಕ್ಕೆ ಬಿಟ್ಟು, ಕೊಕ್ಕೆ ಇನ್ನೂ ಅಲ್ಲೇ ಇದೆಯೇನೋ ಎಂದು ನನ್ನ ಸೆರಗನ್ನೊಮ್ಮೆ ಮುಟ್ಟಿ ನೋಡಿಕೊಂಡೆ.