ತಾರಾನಾಥರ ವಿಟಮಿನ್ ಡಿ

ರಕ್ತಪರೀಕ್ಷೆಯ ರಿಪೋರ್ಟ್ ನೋಡಿದ್ದೇ ಮುಂಬೈ ಬಳಿಯ ಡೊಂಬಿವಲಿಯ ತಾರಾನಾಥರ ಅರ್ಧ ಶಕ್ತಿ ಉಡುಗಿಹೋಯಿತು. ವಿಟಮಿನ್ ಡಿ ಬರೀ ಒಂಬತ್ತು! ಪದೇ ಪದೇ ಹಿಡಿಯುವ ನೆಗಡಿಗೂ ಮೆಟ್ಟಿಲು ಹತ್ತುವಾಗ ನಡುಗುವ ತೊಡೆಗೂ ಇದೇ ಕಾರಣವಿರಬಹುದೆಂದು ಡಾಕ್ಟರು ವಾರಕ್ಕೊಂದು ಗುಳಿಗೆ ಬರೆದುಕೊಟ್ಟರು. "ಗುಣ ಕಾಣಲು ಎರಡು ಮೂರು ತಿಂಗಳು ಬೇಕು."

ತಾರಾನಾಥರ ಬಳಿ ಅಷ್ಟು ಸಮಯ ಎಲ್ಲಿತ್ತು? ಭಾನುವಾರ ಸಂಜೆ ನಾಲ್ಕಕ್ಕೆ ಹೌಸಿಂಗ್ ಸೊಸೈಟಿಯ ಹಗ್ಗಜಗ್ಗಾಟ. ಎ ವಿಂಗಿಗೆ ಅವರೇ ಕ್ಯಾಪ್ಟನ್. ಕಳೆದ ವರ್ಷ ಅವರ ಕಾಲು ಜಾರಿ ಇಡೀ ತಂಡ ಬಿ ವಿಂಗಿನವರ ಪಾದಕ್ಕೆ ಅಡ್ಡಬಿದ್ದಿತ್ತು.

ಭಾನುವಾರ ಬೆಳಿಗ್ಗೆ ಮೊದಲ ಗುಳಿಗೆ ನುಂಗಿ, ಹತ್ತು ನಿಮಿಷಕ್ಕೊಮ್ಮೆ ತೋಳು ಒತ್ತಿ ನೋಡಿಕೊಂಡರು. ಬೆಂದ ಬದನೆಕಾಯಿಯಂತೆ ಮೆತ್ತಗೇ ಇತ್ತು. ಮಧ್ಯಾಹ್ನ ಊಟ ಮುಗಿಸಿ ಇನ್ನೊಂದಕ್ಕೆ ಕೈ ಹಾಕಿದಾಗ ಹೆಂಡತಿ ಜಲಜಾಕ್ಷಿ ಕಿತ್ತುಕೊಂಡರು. "ಅದು ಚಾಕ್ಲೇಟಾ ಮಾರಾಯ್ರೆ? ಹೆಚ್ಚಾದ್ರೆ ಕಿಡ್ನಿಗೆ ಪೆಟ್ಟು!"

ಎದುರುಮನೆಯ ದಮಯಂತಿ ಇಣುಕಿದರು. "ಟೆರೇಸಿನಲ್ಲಿ ಬಿಸಿಲಿಗೆ ಬೆನ್ನು ಕೊಡಿ ಭಾವ. ಪುಕ್ಕಟೆ ಉಂಟು."

ತಾರಾನಾಥರು ಓಡಿದರು. ಟೆರೇಸಿನಲ್ಲಿ ಅಂಗಿ ಬಿಚ್ಚುವ ಗಡಿಬಿಡಿಯಲ್ಲಿ, ಎರಡನೇ ಮಹಡಿಯ ಅನಘ ಒಣಗಲು ಹರಡುತ್ತಿದ್ದ ಹಪ್ಪಳದ ಮೇಲೆ ಕಾಲಿಟ್ಟರು. "ಕಾಕಾ! ಮಾಝೇ ಪಾಪಡ!" ಎಂಬ ಮರಾಠಿ ಕೂಗಿಗೆ ಹೆದರಿ ನೀರಿನ ಟ್ಯಾಂಕಿನ ಹಿಂದೆ ಅವಿತು, ಅಲ್ಲೇ ಬೆನ್ನು ಮೇಲೆ ಮಾಡಿ ಮಲಗಿದರು. ಬಿಸಿಲು ಹಿತವಾಗಿತ್ತು. ನಿದ್ದೆ ಬಂತು.

ಎಚ್ಚರವಾದಾಗ ಕೆಳಗೆ ಢೋಲು ಬಡಿಯುತ್ತಿತ್ತು. ಬಾಗಿಲಿಗೆ ಹೊರಗಿನಿಂದ ಬೀಗ! ಆಟದ ದಿನ ಮಕ್ಕಳು ಮೇಲೆ ಹತ್ತಬಾರದೆಂದು ವಾಚ್‌ಮನ್ ಮಾನಪ್ಪ ಜಡಿದು ಹೋಗಿದ್ದ. ಫೋನು ಮನೆಯಲ್ಲಿತ್ತು. ಕಟ್ಟೆಯಿಂದ ಬಗ್ಗಿ ನೋಡಿದರೆ ಅವರಿಲ್ಲದೆಯೇ ಎ ವಿಂಗ್ ಗೆಲ್ಲುತ್ತಿತ್ತು. ಬಿ ವಿಂಗಿನವರು ಗೆರೆಗೆ ಇನ್ನೊಂದೇ ಗೇಣು.

ಗೆದ್ದ ತಂಡದಲ್ಲಿ ಕ್ಯಾಪ್ಟನ್ನೇ ಇಲ್ಲವೆಂದರೆ! "ಮಾನಪ್ಪಾ, ಬಾಗಿಲು ತೆಗಿ!" ಯಾರಿಗೂ ಕೇಳಲಿಲ್ಲ. ಎಲ್ಲರಿಗೂ ತಿಳಿಯಲೆಂದು ಹಿಂದಿಯಲ್ಲಿ, ತನ್ನನ್ನು ಬಿಟ್ಟುಬಿಡಿ ಎಂದು ಇದ್ದ ಶಕ್ತಿಯನ್ನೆಲ್ಲ ಒಗ್ಗೂಡಿಸಿ ಕೂಗಿದರು: "ಮುಝೆ ಛೋಡೋ! ಅರೆ, ಛೋಡೋ! ಛೋಡೋ!"

'ಮುಝೆ' ಢೋಲಿನಲ್ಲಿ ಮುಳುಗಿತು. 'ಛೋಡೋ' ಮಾತ್ರ ಸ್ಪಷ್ಟವಾಗಿ ಇಳಿಯಿತು. ಕ್ಯಾಪ್ಟನ್ನರ ದನಿ! ಏನೋ ತಂತ್ರವಿರಬೇಕೆಂದು ಎ ವಿಂಗಿನ ಹತ್ತೂ ಜನ ಒಟ್ಟಿಗೆ ಹಗ್ಗ ಬಿಟ್ಟರು. ಬಿ ವಿಂಗಿನವರು ಹಗ್ಗದ ಸಮೇತ ತಮ್ಮ ಕಡೆಗೆ ಅಂಗಾತ ಬಿದ್ದರು. ಸೀಟಿ ಮೊಳಗಿತು. ಕಪ್ ಅವರದಾಯಿತು.

ಬೀಗ ತೆಗೆದ ಮಾನಪ್ಪ, "ಮ್ಯಾಲ ನೀವು ಅದೀರಂತ ನನಗೇನ ಗೊತ್ರೀ ಸಾಹೇಬ್ರ?" ಎಂದ.

ತಾರಾನಾಥರು ಕೆಳಗಿಳಿದಾಗ ಎ ವಿಂಗಿನವರೆಲ್ಲ ಬೆನ್ನು ತಿರುಗಿಸಿದರು. ಬಿ ವಿಂಗಿನ ಕ್ಯಾಪ್ಟನ್ ಮಯೂರ್ ಮಾತ್ರ ಓಡಿಬಂದು ಅವರ ಕೊರಳಿಗೆ ಹಾರ ಹಾಕಿ, ಬಾಯಿಗೆ ಪೇಡೆ ತುರುಕಿದ.

"ಅಂಕಲ್, ಮುಂದಿನ ವರ್ಷಾನೂ ಎ ವಿಂಗಿಗೆ ನೀವೇ ಕ್ಯಾಪ್ಟನ್ ಆಗ್ಬೇಕು, ಪ್ಲೀಸ್!"