ರೊಟ್ಟಿ, ಟೈಪ್‌ರೈಟರು ಮತ್ತು ನಮ್ಮತ್ತೆಯ ತಬಲಾ

ನಮ್ಮ ಸೋದರತ್ತೆಯ ಮನೆಯಲ್ಲಿ ನಾಲ್ಕು ದಿನ ಉಂಡವರಿಗೆ ತಾಳಜ್ಞಾನ ತಾನಾಗಿ ಬರುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ! ಮೊದಲು ನಾನೂ ನಂಬಿರಲಿಲ್ಲ. ಆದರೆ ಕಾಲೇಜು ಓದಲೆಂದು ಕೊಪ್ಪಳದ ಆ ಮನೆಗೆ ಟ್ರಂಕು ಹೊತ್ತು ಬಂದ ಮರುದಿನವೇ ನನ್ನ ತಾಟಿಗೆ ಬಿದ್ದ ಜೋಳದ ರೊಟ್ಟಿ ಒಂದು ಕಡೆ ಕಾಗದದಂತೆ ತೆಳ್ಳಗೆ, ಇನ್ನೊಂದು ಕಡೆ ಚಪ್ಪಲಿಯಂತೆ ದಪ್ಪಗಿತ್ತು. ನಾನು ಅದನ್ನು ತಿರುಗಿಸಿ ತಿರುಗಿಸಿ ನೋಡುವುದನ್ನು ಕಂಡು ಪಕ್ಕದಲ್ಲಿ ಕೂತಿದ್ದ ಆಯಿ, ಅಂದರೆ ಅತ್ತೆಯ ಅತ್ತೆ, ಬೊಚ್ಚು ಬಾಯಲ್ಲಿ ಸಮಾಧಾನ ಹೇಳಿದಳು:

"ಅದು ಏಳು ಮಾತ್ರೀದವ್ವ. ಒಂದ್ ಕಡಿ ಪೆಟ್ಟು ಕಮ್ಮಿ ಬೀಳ್ತೈತಿ. ನಾಳಿಗೆ ಹದಿನಾರರದ್ದು ಬಡಿ ಅಂತ ಹೇಳ್ತೀನಿ, ತೆಳ್ಳಗ ಬರ್ತೈತಿ."

ರೊಟ್ಟಿಯನ್ನೂ ತಾಳದ ಮಾತ್ರೆ ಎಣಿಸಿ ಬಡಿಯುವ ಅತ್ತೆ ತಬಲಾ ಕಲಿಯುತ್ತಿದ್ದಳು. ಯಾವ ವಯಸ್ಸಿನಲ್ಲಿ? ತಲೆಯಲ್ಲಿ ಬಿಳಿ ಕೂದಲು ಕಾಣಿಸಿಕೊಂಡ ವಯಸ್ಸಿನಲ್ಲಿ! ಅದೂ ಎಂಥ ಬಿಡುವಿನಲ್ಲಿ? ಕೊಪ್ಪಳ ಆಗಷ್ಟೇ ಜಿಲ್ಲೆಯಾಗಿತ್ತು. ಯಲಬುರ್ಗಾದ ಒಂದು ಸರ್ಕಾರಿ ಕಚೇರಿಯಲ್ಲಿ ಅತ್ತೆ ಬೆರಳಚ್ಚುಗಾರ್ತಿ. ಹೊಸ ಜಿಲ್ಲೆ ಎಂದರೆ ಹೊಸ ಕಾಗದಪತ್ರ, ಹೊಸ ಕಾಗದಪತ್ರ ಎಂದರೆ ಅತ್ತೆಯ ಬೆರಳು. ಮುಂಜಾನೆ ಮನೆ ತುಂಬ ಜನಕ್ಕೆ ರೊಟ್ಟಿ, ಆಮೇಲೆ ಬಸ್ಸು, ಕಚೇರಿ, ಮತ್ತೆ ಬಸ್ಸು, ಮತ್ತೆ ರೊಟ್ಟಿ. ಇದರ ನಡುವೆ ತಬಲಾಕ್ಕೆ ಜಾಗ ಎಲ್ಲಿದೆ, ನೀವೇ ಹೇಳಿ!

ತಪ್ಪೆಲ್ಲ ಹಿತ್ತಲ ಗೋಡೆಯದು. ಗೋಡೆಯಾಚೆ ತಬಲಾ ಮಾಸ್ತರರ ಮನೆ. ಅವರು ಶಿಷ್ಯರಿಗೆ ಪಾಠ ಹೇಳುವ ಹೊತ್ತಿಗೇ ಈಚೆ ಅತ್ತೆ ಬಟ್ಟೆ ಒಗೆಯುತ್ತಿದ್ದಳು. ಆಚೆಯ "ಧಾ ಧಿನ್ ಧಿನ್ ಧಾ" ಈಚೆಯ ಒಗೆಯುವ ಕಲ್ಲಿನ ಮೇಲೂ ಬೀಳತೊಡಗಿತು. ಒಂದು ದಿನ ಮಾಸ್ತರರು ಗೋಡೆಯ ಮೇಲೆ ತಲೆ ಎತ್ತಿ, "ಯಾರ್ರಿ ಅದು ಒಗಿಯಾವ್ರು?" ಎಂದರು. ಬೈಯಲು ಬಂದರೆಂದುಕೊಂಡ ಅತ್ತೆ, "ತಪ್ಪಾತ್ರಿ, ಇನ್ನ ಮ್ಯಾಲೆ ಸಾವಕಾಶ ಒಗೀತೀನಿ" ಎಂದು ಬಟ್ಟೆ ಬಚ್ಚಿಟ್ಟಳು.

"ಸಾವಕಾಶ ಯಾಕ್ರಿ? ನನ್ನ ಹುಡುಗರಕಿಂತ ನಿಮ್ಮ ಲಯ ಛಲೋ ಐತಿ! ಐತವಾರ ಬರ್ರಿ, ಕಲಸ್ತೀನಿ. ಆದ್ರ ದಿನಾ ನಾಕ್ ತಾಸು ರಿಯಾಜ್ ಮಾಡಬೇಕು."

"ನಾಕ್ ತಾಸು ಎಲ್ಲಿಂದ ತರ್ಲಿರಿ? ನನ್ನ ಕಡೆ ಬರೀ ಚಿಲ್ಲರ ಐತಿ. ಇಲ್ಲಿ ಹತ್ತು ನಿಮಿಷ, ಅಲ್ಲಿ ಐದು ನಿಮಿಷ. ನಡೀತೈತೇನು?"

ಮಾಸ್ತರರು ನಕ್ಕು, ನಡೆಯುತ್ತದೆ ಎಂದರು. ಹೀಗೆ ಅತ್ತೆಯ ಚಿಲ್ಲರೆ ಸಂಗೀತ ಶುರುವಾಯಿತು.

ಚಿಲ್ಲರೆ ಎಂದರೆ ಎಂಥದ್ದು! ಹಾಲು ಕಾಯುವ ತನಕ ಡಬ್ಬಿಯ ಮುಚ್ಚಳದ ಮೇಲೆ, ಕೊಡ ತುಂಬುವ ತನಕ ಕೊಡದ ಮೇಲೆ. ಯಲಬುರ್ಗಾ ಬಸ್ಸಿನಲ್ಲಂತೂ ಮುಂದಿನ ಸೀಟಿನ ಬೆನ್ನೇ ತಬಲಾ. ಒಮ್ಮೆ ಕಾಲೇಜಿಗೆ ರಜೆಯಿದ್ದು ನಾನೂ ಜೊತೆಗಿದ್ದಾಗ ಆ ಸೀಟಿನಲ್ಲಿ ರುಮಾಲು ಸುತ್ತಿದ ಹಿರಿಯರೊಬ್ಬರು ತೂಕಡಿಸುತ್ತಿದ್ದರು. ಅತ್ತೆ ಲೋಕ ಮರೆತು ಬಾರಿಸುತ್ತಿದ್ದಳು. ಅವರು ಥಟ್ಟನೆ ಹಿಂದಿರುಗಿ ನೋಡಿದಾಗ ನಾನು ಕಿಟಕಿಯಿಂದಾಚೆ ಮುಖ ತಿರುಗಿಸಿ, ಈ ಹೆಂಗಸು ಯಾರೋ ಏನೋ ಎಂಬಂತೆ ಕೂತೆ. ಅವರು ಹೇಳಿದ್ದು ಇಷ್ಟು:

"ಯಕ್ಕಾರ, ಬೆನ್ನು ಭಾಳ ಹಗುರಾತ್ರಿ. ಇನ್ನೊಂದೀಟು ಎಡಕ್ಕ ಬಾರಸ್ರಿ!"

ಕಚೇರಿಯ ಕಥೆ ಇದಕ್ಕಿಂತ ಘನವಾದದ್ದು. ತಬಲಾದಲ್ಲಿ ತಿಹಾಯಿ ಎಂದೊಂದಿದೆ. ಒಂದೇ ತುಣುಕನ್ನು ಮೂರು ಸಲ ಬಾರಿಸಿ, ಕೊನೆಯ ಪೆಟ್ಟು ಸರಿಯಾಗಿ ತಾಳದ ಮೊದಲ ಪೆಟ್ಟಿನ ಮೇಲೆ ಬೀಳುವಂತೆ ಮುಗಿಸುವುದು. ಅತ್ತೆ ತಿಹಾಯಿ ಕಲಿತ ವಾರವೇ ಸಾಹೇಬರು ಜಿಲ್ಲಾ ಕಚೇರಿಗೆ ಒಂದು ಪತ್ರ ಬರೆಸಿದರು. ಕಡತ ಇಡಲು ಕಪಾಟು ಬೇಕಾಗಿತ್ತು. ಎಷ್ಟು ಸಲ ಬರೆದರೂ ಅಲ್ಲಿಂದ ಉತ್ತರವಿರಲಿಲ್ಲ. ಅತ್ತೆಯ ಬೆರಳುಗಳು ಟೈಪ್‌ರೈಟರಿನ ಮೇಲೆ ಓಡಿದವು. ಕೊನೆಯ ಸಾಲಿಗೆ ಬಂದಾಗ ಅವುಗಳಿಗೆ ತಡೆಯಲಾಗಲಿಲ್ಲ. "ಆದ್ದರಿಂದ ಕಪಾಟನ್ನು ಕೂಡಲೇ ಕೂಡಲೇ ಕೂಡಲೇ ಕಳುಹಿಸಬೇಕು" ಎಂದು ಪತ್ರ ಮುಗಿಯಿತು. ಸಾಹೇಬರು ಓದದೆ ಸಹಿ ಹಾಕಿದರು. ಪತ್ರ ಹೋದ ಮೇಲೆ ಕಚೇರಿಯ ಪ್ರತಿಯಲ್ಲಿ ಅತ್ತೆ ಅದನ್ನು ಕಂಡಳು. ಕೆಲಸ ಹೋಯಿತೆಂದು ಮನೆಗೆ ಬಂದು ಅತ್ತಳು.

ಮುಂದಿನ ವಾರ ಕಚೇರಿಯ ಮುಂದೆ ಲಾರಿ ಬಂದು ನಿಂತಿತು. ಕಪಾಟು ಬಂದಿತ್ತು. ಒಂದಲ್ಲ, ಮೂರು!

ಸಾಹೇಬರು ಪ್ರತಿ ತರಿಸಿ ಓದಿದರು, ಕನ್ನಡಕ ತೆಗೆದರು, ಮತ್ತೆ ಓದಿದರು. ಆಮೇಲೆ ಅತ್ತೆಯನ್ನು ಕರೆದು, "ಬಾಯಾರ, ಫ್ಯಾನಿಗೆ ಬರಿಯೂದೈತಿ. ಅದನ್ನೂ ಹಿಂಗ ಹೊಡೀರಿ" ಎಂದರು.

ಹೀಗೆ ಚಿಲ್ಲರೆಯಲ್ಲೇ ಕೆಲವು ವರ್ಷ ಕಳೆದವು. ನಿಜವಾದ ತಬಲಾ ಮುಟ್ಟುತ್ತಿದ್ದದ್ದು ಭಾನುವಾರ ಮಾತ್ರ. ಅದೂ ಪೂರ್ತಿಯಲ್ಲ. ಪಾಠದ ನಡುವೆ ನಮ್ಮ ಮನೆಯ ಕಡೆಯಿಂದ "ನಳ ಬಂತು!" ಎಂದೋ "ಕುಕ್ಕರ್ ಕೂಗ್ತು!" ಎಂದೋ ಕೂಗು ಬರುತ್ತಿತ್ತು, ಅತ್ತೆ ಎದ್ದು ಓಡುತ್ತಿದ್ದಳು. ಆದರೂ ಮಾಸ್ತರರು ನನ್ನ ಹತ್ತಿರ ಒಮ್ಮೆ ಹೇಳಿದ್ದುಂಟು: "ನನ್ನ ಬಾಕಿ ಶಿಷ್ಯರಿಗೆ ದಿನಾ ಪೂರಾ ಬಿಡುವು ಐತಿ. ತಬಲಾದ ಮುಂದ ಕುಂತು ಅದರ ಧೂಳು ಒರಸ್ತಾರ. ಈಕಿ ತಬಲಾ ಇಲ್ದನ ಬಾರಿಸ್ತಾಳ!"

ಒಂದು ವರ್ಷ ಗಂಗಾವತಿಯಲ್ಲಿ ಮಾಸ್ತರರ ಬಳಗದವರ ಸಂಗೀತ ಬೈಠಕ್ ಇತ್ತು. ಭಾನುವಾರ ಮುಂಜಾನೆ, ಒಂದು ಕಲ್ಯಾಣಮಂಟಪದಲ್ಲಿ. ತಬಲಾ ನುಡಿಸಬೇಕಾದವರಿಗೆ ಜ್ವರ ಬಂತು. ಮಾಸ್ತರರು ಹಿಂದಿನ ದಿನ ಗೋಡೆಯ ಮೇಲೆ ತಲೆ ಎತ್ತಿ, "ನೀವ ನಡೀರಿ" ಎಂದುಬಿಟ್ಟರು. ಅತ್ತೆ ಒಗೆಯುವುದನ್ನು ಬಿಟ್ಟು ಎದ್ದು ನಿಂತಳು.

"ಒಂದೇ ಸವನ ಹತ್ತು ನಿಮಿಷದ ಮ್ಯಾಲೆ ನಾ ಎಂದೂ ಬಾರಿಸಿಲ್ರಿ! ತಾಸುಗಟ್ಟಲೆ ಹಾಡಿದ್ರ ನಾ ಏನ್ ಮಾಡ್ಲಿ?"

ಮಾವ, ಅಂದರೆ ಅತ್ತೆಯ ಗಂಡ, ಎಂದಿನಂತೆ ಪೇಪರಿನ ಹಿಂದೆ ಮರೆಯಾದ. ಮಾತಾಡಿದ್ದು ಆಯಿ: "ಹೋಗು. ನಾನೂ ಬರ್ತೀನಿ."

ಗಂಗಾವತಿಯ ಗವಾಯಿಗಳು ಹಿರಿಯರು, ಕಟ್ಟುನಿಟ್ಟಿನವರು. ವೇದಿಕೆ ಹತ್ತಿದ ಅತ್ತೆಯನ್ನು ನೋಡಿ ಹುಬ್ಬು ಗಂಟಿಕ್ಕಿ, "ಇವರೇನು?" ಎಂದು ಮಾಸ್ತರರನ್ನು ಕೇಳಿದ್ದು ಹಿಂದಿನ ಸಾಲಿನ ತನಕ ಕೇಳಿಸಿತು. ಹಾಡು ಶುರುವಾದಾಗ ಅತ್ತೆ ತಲೆ ತಗ್ಗಿಸಿ ತಾಳದ ಠೇಕಾ ಹಿಡಿದಳು. ಒಂದು ಪೆಟ್ಟೂ ಅತ್ತಿತ್ತ ಹೋಗಲಿಲ್ಲ. ಗವಾಯಿಗಳ ಹುಬ್ಬು ನಿಧಾನವಾಗಿ ಸಡಿಲವಾಯಿತು. ಸಭೆಯಲ್ಲಿ ಆಯಿಯ ಪಕ್ಕ ಕೂತಿದ್ದ ನಾನೂ ಕಾಲಲ್ಲೇ ತಾಳ ಹಾಕತೊಡಗಿದೆ.

ಅಷ್ಟರಲ್ಲಿ ಕಲ್ಯಾಣಮಂಟಪದ ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು.

ಅತ್ತೆ ಗಕ್ಕನೆ ಕೈ ನಿಲ್ಲಿಸಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದ್ದು ನಿಂತಳು!

ಗವಾಯಿಗಳ ತಾನ ಗಾಳಿಯಲ್ಲೇ ಉಳಿಯಿತು. ಸಭೆ ಕಕ್ಕಾಬಿಕ್ಕಿ. ಯಾರೋ ಕಿಸಕ್ಕನೆ ನಕ್ಕರು. ಎಲ್ಲಿದ್ದೇನೆಂದು ಅತ್ತೆಗೆ ಆಗ ತಿಳಿಯಿತು. ಕೂರಲೂ ಆಗದೆ, ಇಳಿಯಲೂ ಆಗದೆ ನಿಂತೇ ಇದ್ದಳು. ನನ್ನ ಪಕ್ಕದಿಂದ ಆಯಿ ಎದ್ದಳು. ಸಭೆ, ಗವಾಯಿ ಯಾರನ್ನೂ ಲೆಕ್ಕಿಸದೆ ಕೂಗಿ ಹೇಳಿದಳು:

"ಕುಂದ್ರವ್ವ! ಅದು ನಮ್ಮನೀದಲ್ಲ. ನಮ್ಮನಿ ಒಲಿ ನಾ ಆರಿಸಿ ಬಂದೀನಿ!"

ಮೊದಲು ನಕ್ಕವರು ಗವಾಯಿಗಳು. "ಕುಂದ್ರಿ ತಾಯಿ, ಮತ್ತ ಮೊದಲಿಂದ ಹಾಡೂಣು" ಎಂದರು. ಅತ್ತೆ ಕೂತಳು. ಆಮೇಲೆ ಒಂದು ತಾಸಲ್ಲ, ಅದಕ್ಕೂ ಹೆಚ್ಚು ಹೊತ್ತು ಬಾರಿಸಿದಳು. ಯಾರೂ ಕರೆಯದ, ಏನೂ ಉಕ್ಕದ ಅಷ್ಟು ಉದ್ದದ ಹೊತ್ತು ಅವಳ ಕೈಗೆ ಸಿಕ್ಕಿದ್ದು ಅದೇ ಮೊದಲು. ಹಾಡು ಮುಗಿದಾಗ ಗವಾಯಿಗಳು ಅವಳತ್ತಲೇ ತಿರುಗಿ, ಎಲ್ಲಿ ಕಲಿತಿರಿ ಎಂದು ಕೇಳಿದರು.

"ಮಾಸ್ತರರ ಹತ್ರರಿ," ಎಂದಳು ಅತ್ತೆ. "ಮತ್ತ ಯಲಬುರ್ಗಾ ಬಸ್ಸಿನ್ಯಾಗ."

ಜನ ಊಟಕ್ಕೆ ಎದ್ದು ಹೋದರು. ಅತ್ತೆ ಗಡಬಡಿಸಿ ಆಯಿಯ ಹತ್ತಿರ ಬಂದಳು. "ನಡೀರಿ ಆಯಿ, ಭಾಳ ತಡಾತು, ಮನ್ಯಾಗ ಎಲ್ಲಾರೂ ಹಸ್ದಿರ್ತಾರ."

ಆಯಿ ಏಳಲಿಲ್ಲ. ಅತ್ತೆಯ ಕೆಂಪಗೆ ಬಾತ ಬೆರಳುಗಳನ್ನು ಹಿಡಿದು ನೋಡುತ್ತ ಕೂತಳು. "ಇರ್ಲಿ ಬಿಡು. ಮದಿವಿಗಿಂತ ಮೊದಲ ನಾನೂ ಹಾಡ್ತಿದ್ನಿ," ಎಂದಳು. "ಛಲೋ ಹಾಡ್ತಿದ್ನಿ. ಆಮ್ಯಾಲೆ ಯಾರೂ ನನ್ನ ಒಲಿ ಆರಸಲಿಲ್ಲ."

ಅಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮಾತು ಅತ್ತೆಗೆ ಗೊತ್ತಿರಲಿಲ್ಲ. ಅವಳು ವೇದಿಕೆ ಹತ್ತಿ, ತಬಲಾ ಎರಡನ್ನೂ ಕಂಕುಳಲ್ಲಿ ಹೊತ್ತು ತಂದು ಆಯಿಯ ಎದುರು ಜಮಖಾನೆಯ ಮೇಲೆ ಇಟ್ಟು ಕೂತಳು.

"ಹಾಡ್ರಿ."

"ಏ ಹುಚ್ಚಿ, ಹಲ್ಲಿಲ್ಲ ನನಗ."

"ಹಾಡ್ರಿ ಆಯಿ."

ಆಯಿ ಕಣ್ಣು ಮುಚ್ಚಿ ಬೀಸುಕಲ್ಲಿನ ಮುಂದೆ ಹಾಡುವಂಥ ಯಾವುದೋ ಹಾಡು ಎತ್ತಿಕೊಂಡಳು. ಧ್ವನಿ ನಡುಗುತ್ತಿತ್ತು, ನಡುನಡುವೆ ಸಾಲು ಮರೆಯುತ್ತಿತ್ತು, ತಾಳ ಜಾರುತ್ತಿತ್ತು. ಜಮಖಾನೆ ಸುತ್ತುತ್ತ ಬಂದವರು ನಾವು ಕೂತಷ್ಟು ಜಾಗ ಬಿಟ್ಟು ಉಳಿದದ್ದನ್ನು ಸುತ್ತಿದರು. ಒಂದು ಪೆಟ್ಟೂ ತಪ್ಪದ ನಮ್ಮತ್ತೆ, ಆಯಿ ತಾಳ ಬಿಟ್ಟಲ್ಲೆಲ್ಲ ತಾಳವನ್ನೇ ಮೆಲ್ಲಗೆ ಎತ್ತಿಕೊಂಡು ಆಯಿ ಇದ್ದಲ್ಲಿಗೆ ಹೋಗುತ್ತಿದ್ದಳು.