ಮೈಕಿನವರ ಎರಡು ಡಬ್ಬಿ

ಮೈಕಿನವರು ಬದುಕಿದ್ದ ಕೊನೆಯ ಪೂರಾ ದಿನ ಜಗಳದಲ್ಲೇ ಶುರುವಾಯಿತು. ಆ ಮನೆಯಲ್ಲಿ ಸಾದಾ ದಿನ ಅಂದರೆ ಅದೇ.

ಸಭೆ ಸಮಾರಂಭಗಳಿಗೆ ಮೈಕು, ಸ್ಪೀಕರು ಬಾಡಿಗೆಗೆ ಕೊಡುವುದು ಅವರ ಕಸುಬು. ಹಾಗಾಗಿ ಊರಿಗೆಲ್ಲ ಅವರು ಮೈಕಿನವರು. ಹೆಂಡತಿಗೆ ಮೈಕಿನಮ್ಮ ಅಂತ ಹೆಸರು ಬಂದದ್ದು ಮಾತ್ರ ಗಂಡನ ಕಸುಬಿನಿಂದಲ್ಲ, ಸ್ವಂತ ಗಂಟಲಿನಿಂದ ಅಂತ ಬೀದಿಯವರು ಹೇಳುತ್ತಿದ್ದರು.

ಅವತ್ತು ಬೆಳಿಗ್ಗೆ ಗಂಡ ಹೆಂಡತಿ ಕಂಪ್ಯೂಟರ್ ಅಂಗಡಿಗೆ ಹೋದರು. ಮನೆಯ ಹಳೇ ಕಂಪ್ಯೂಟರಿನ ಹೊಟ್ಟೆಯೊಳಗೆ ಟಕ್ ಟಕ್ ಸದ್ದು ಶುರುವಾಗಿತ್ತು. ಅದರಲ್ಲಿ ಮೈಕಿನವರ ಹದಿನೈದು ವರ್ಷದ ರೆಕಾರ್ಡಿಂಗ್ ಇತ್ತು. ಅದು ಸಾಯುವ ಮೊದಲು ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಡಬೇಕು ಅಂತ ಅವರ ಹಟ.

ಅಂಗಡಿಯಾಕೆ ಎರಡು ಬಗೆ ತೋರಿಸಿದಳು. ಒಂದು ಹಾರ್ಡ್ ಡಿಸ್ಕ್. ದಪ್ಪ, ಭಾರ. ಒಳಗೆ ತಟ್ಟೆ ತಿರುಗುತ್ತೆ, ಬಿದ್ದರೆ ಕಷ್ಟ. ಇನ್ನೊಂದು ಎಸ್‌ಎಸ್‌ಡಿ. ಬಿಸ್ಕತ್ತಿನಷ್ಟು ಅಗಲ. ಒಳಗೆ ತಿರುಗುವುದು ಏನೂ ಇಲ್ಲ, ನಕಲು ಬೇಗ ಆಗುತ್ತೆ, ಬೆಲೆ ಜಾಸ್ತಿ. ಮೈಕಿನಮ್ಮ ಎರಡನ್ನೂ ಎರಡು ಅಂಗೈಯಲ್ಲಿಟ್ಟು ತೂಗಿದಳು. ಪಾತ್ರೆ ಕೊಳ್ಳುವಾಗ ಅವಳು ಮಾಡುವುದು ಹಾಗೇ. ಎಸ್‌ಎಸ್‌ಡಿಯನ್ನು ಬೆರಳಿನಿಂದ ಕುಟ್ಟಿಯೂ ನೋಡಿದಳು. ನಾದ ಬರಲಿಲ್ಲ.

“ಇದರಲ್ಲಿ ಹುರುಳಿಲ್ಲ. ದುಡ್ಡು ಕೊಟ್ಟರೆ ಕೈಗೆ ಭಾರ ಅನ್ನಿಸಬೇಕು,” ಅಂದಳು.

“ಭಾರದ್ದು ಬಿದ್ದರೆ ಹೋಯ್ತು ಕಣೇ. ಇದರಲ್ಲಿ ಅಲುಗಾಡೋದೇ ಏನೂ ಇಲ್ಲ.”

“ಅಲುಗಾಡದ್ದು ಮನೇಲಿ ಒಂದು ಇದೆಯಲ್ಲ. ಇನ್ನೊಂದು ಯಾಕೆ?”

ಮೈಕಿನವರು ಎಸ್‌ಎಸ್‌ಡಿಯನ್ನೇ ಕೊಂಡರು, ಅದೂ ಎರಡು. ಎರಡು ಯಾಕೆ ಅಂತ ದಾರಿಯುದ್ದಕ್ಕೂ ಪಾಠ ಹೇಳಿದರು. ಒಂದು ನಕಲು ಮನೆಯಲ್ಲಿರಬೇಕು, ಇನ್ನೊಂದು ಹೊರಗೆ ಎಲ್ಲಾದರೂ ಇರಬೇಕು. ಮನೆಗೇ ಬೆಂಕಿ ಬಿದ್ದರೂ ಒಂದು ಉಳಿಯುತ್ತೆ. (ಹೆಂಡತಿ ಉಳಿಯುವ ವಿಚಾರ ಆ ಪಾಠದಲ್ಲಿ ಬರಲಿಲ್ಲ. ಅವಳು ಅದನ್ನೂ ಎತ್ತಿ ಆಡಿದಳು.)

ಮಧ್ಯಾಹ್ನ ಮೊದಲನೇ ಎಸ್‌ಎಸ್‌ಡಿ ಡಬ್ಬಿಗೆ ಎಲ್ಲ ನಕಲಾಯಿತು. ಅದನ್ನು ಜೇಬಿಗೆ ಹಾಕಿಕೊಂಡು ಹೊರಗೆ ಹೋಗಿ ಬಂದರು. ಸಂಜೆ ಎರಡನೆಯದನ್ನು ಕಂಪ್ಯೂಟರಿಗೆ ಹಚ್ಚಿ, ದೀಪ ಮಿನುಗುವುದು ನಿಲ್ಲುವ ತನಕ ಡಬ್ಬಿ ಮುಟ್ಟಬೇಡ ಅಂತ ಹೇಳಿ ಸ್ನಾನಕ್ಕೆ ಹೋದರು. ಮೈಕಿನಮ್ಮನಿಗೆ ಮಿಕ್ಸಿ ಹಾಕಬೇಕಿತ್ತು. ಅಡುಗೆಮನೆಯ ಪ್ಲಗ್ ಕೆಟ್ಟು ತಿಂಗಳಾಗಿತ್ತು. ಡಬ್ಬಿ ಮುಟ್ಟಬೇಡ ಅಂದಿದ್ದರು, ಅವಳು ಮುಟ್ಟಲಿಲ್ಲ. ಕಂಪ್ಯೂಟರಿನ ಪ್ಲಗ್ ಕಿತ್ತಳು.

ಕಂಪ್ಯೂಟರ್ ಮತ್ತೆ ಕಣ್ಣು ಬಿಡಲಿಲ್ಲ. ಮೈಕಿನವರು ಟವೆಲು ಹೆಗಲ ಮೇಲೆ ಹಾಕಿಕೊಂಡು ಬಂದು ಎರಡು ಸಲ ಗುಂಡಿ ಒತ್ತಿ ನೋಡಿದರು.

“ಹೋಗಲಿ ಬಿಡು. ಒಂದು ಅಕ್ಕನ ಹತ್ತಿರ ಇದೆ. ನಾಳೆ ತಂದು ಇದಕ್ಕೆ ತುಂಬಿಸ್ತೀನಿ,” ಅಂದರು.

ಅಕ್ಕ ಅಂದರೆ ಮೈಕಿನಮ್ಮನ ನಾದಿನಿ. ಜೆರಾಕ್ಸ್ ಅಂಗಡಿ ಇಟ್ಟುಕೊಂಡವಳು. ಇಬ್ಬರದೂ ಎಣ್ಣೆ ಸೀಗೆಕಾಯಿ ನಂಟು. ಒಂಬತ್ತು ವರ್ಷದ ಹಿಂದೆ ನಾದಿನಿ ಇವರ ಮನೆ ಕುಕ್ಕರ್ ಎರವಲು ಒಯ್ದು, ವಿಷಲ್ ಇಲ್ಲದೆ ವಾಪಸ್ ಕೊಟ್ಟಿದ್ದಳು. ಅಂದಿನಿಂದ ಮಾತಿಲ್ಲ. ಅಂಥವಳ ಕೈಗೆ ಮನೆಯ ಸೊತ್ತು ಕೊಟ್ಟರಲ್ಲ ಅಂತ ಮೈಕಿನಮ್ಮ ಅವತ್ತು ಗಂಡನ ಜೊತೆಗೂ ಮಾತು ಬಿಟ್ಟಳು. ಊಟಕ್ಕೆ ಬಾಯಲ್ಲಿ ಕರೆಯಲಿಲ್ಲ, ತಟ್ಟೆ ಕುಕ್ಕಿದಳು. ಅವರು ಬಂದು ಉಂಡರು.

ಮರುದಿನ ಒಂದು ಸಭೆಯಲ್ಲಿ ಆಂಪ್ಲಿಫೈಯರ್ ಪಕ್ಕ ಕುರ್ಚಿಯಲ್ಲಿ ಕೂತವರು ಕೂತಲ್ಲೇ ಹೋದರು. ಭಾಷಣ ಮುಗಿಯುವ ತನಕ ಯಾರಿಗೂ ತಿಳಿಯಲಿಲ್ಲ. ಕಣ್ಣು ಮುಚ್ಚಿ ಕೂತವರು ಆ ಸಭೆಯಲ್ಲಿ ಇನ್ನೂ ಬಹಳ ಮಂದಿ ಇದ್ದರು.

ನಾದಿನಿ ಬಂದಳು, ಅತ್ತಳು, ಹೋದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡದೆಯೇ ಅತ್ತರು.

ಮೂರು ತಿಂಗಳಾದ ಮೇಲೆ ಮೈಕಿನಮ್ಮನಿಗೆ ಒಂದು ಭಯ ಹುಟ್ಟಿತು. ಗಂಡನ ಮುಖ ಗೋಡೆಯ ಮೇಲಿತ್ತು. ದನಿ ಮರೆಯುತ್ತಿತ್ತು. ಅದು ಮೂಗಿನಿಂದ ಬರುತ್ತಿತ್ತೋ ಗಂಟಲಿನಿಂದಲೋ, ಎಷ್ಟು ತಿಣುಕಿದರೂ ನೆನಪಾಗಲಿಲ್ಲ. ಊರವರ ದನಿಯನ್ನೆಲ್ಲ ಊರಿಗೆ ಕೇಳಿಸಿದ ಮನುಷ್ಯ ತನ್ನದೊಂದನ್ನು ಮನೆಯಲ್ಲಿ ಬಿಟ್ಟಿರಲಿಲ್ಲ. ಹದಿನೈದು ವರ್ಷದ ರೆಕಾರ್ಡಿಂಗಿನಲ್ಲಿ ಎಲ್ಲಾದರೂ ಇದ್ದೇ ಇರಬೇಕು.

ಮನೆಯ ಡಬ್ಬಿ, ಹಳೇ ಕಂಪ್ಯೂಟರ್ ಎರಡನ್ನೂ ಹೊತ್ತು ಕಂಪ್ಯೂಟರ್ ಅಂಗಡಿಗೆ ಹೋದಳು. ಡಬ್ಬಿ ಕೆಟ್ಟಿಲ್ಲ, ನಕಲು ಅರ್ಧಕ್ಕೆ ನಿಂತು ಒಳಗಿನದು ಒಂದೂ ತೆರೆಯುತ್ತಿಲ್ಲ ಅಂದಳು ಅಂಗಡಿಯಾಕೆ. ಕಂಪ್ಯೂಟರಿನ ಡಿಸ್ಕ್ ಅಂತೂ ಗೀರಿ ಹೋಗಿದೆ. ನಡುವೆ ಯಾರಾದರೂ ಪ್ಲಗ್ ಕಿತ್ತಿದ್ದರಾ ಅಂತ ಕೇಳಿದಳು. ಮಿಕ್ಸಿ ಕಿತ್ತಿತು ಅಂದಳು ಮೈಕಿನಮ್ಮ.

ಇನ್ನು ಉಳಿದದ್ದು ಒಂದೇ ಬಾಗಿಲು, ನಾದಿನಿಯದು. ಎರಡು ದಿನ ಆ ಬೀದಿಯ ತನಕ ಹೋಗಿ, ತರಕಾರಿ ಕೊಳ್ಳಲು ಬಂದವಳಂತೆ ಬದನೆಕಾಯಿ ಕೊಂಡು ವಾಪಸ್ ಬಂದಳು. ಬೇಡದ ಬದನೆಕಾಯಿ ಮನೆಯಲ್ಲಿ ರಾಶಿಯಾಯಿತು. ಮೂರನೇ ದಿನ ಚೀಲದ ಸಮೇತ ಜೆರಾಕ್ಸ್ ಅಂಗಡಿ ಹತ್ತಿದಳು.

ಅಲ್ಲಿ ನಾಲ್ಕು ಜನ ಗಿರಾಕಿಗಳು ನಿಂತಿದ್ದರು. ನಾದಿನಿ ಯಂತ್ರದಿಂದ ತಲೆ ಎತ್ತಲಿಲ್ಲ.

“ವಿಷಲ್ ಕೇಳೋಕೆ ಬಂದ್ಯಾ?”

“ಇಲ್ಲ ಅತ್ತಿಗೆ. ಡಬ್ಬಿ ಕೇಳೋಕೆ.”

“ಬಾಯಿಂದ ಅತ್ತಿಗೆ ಅಂತ ಬಂತು. ಕಷ್ಟ ದೊಡ್ಡದೇ ಇರಬೇಕು.”

“ಅವರ ದನಿ ಒಂದು ಸಲ ಕೇಳಬೇಕು.”

ನಾದಿನಿ ಈಗ ತಲೆ ಎತ್ತಿದಳು.

“ಅದರಲ್ಲಿ ಏನಿದೆ ಅಂತ ನಿನಗೆ ಗೊತ್ತಾ? ಕೂತ್ಕೋ. ಆಮೇಲೆ ನನ್ನ ಮೇಲೆ ತಪ್ಪು ಹೊರಿಸಬೇಡ.”

ಡಬ್ಬಿಯನ್ನು ಅಂಗಡಿಯ ಕಂಪ್ಯೂಟರಿಗೆ ಹಚ್ಚಿದಳು. ಅದಕ್ಕೆ ಜೋಡಿಸಿದ ಸ್ಪೀಕರ್ ಮೈಕಿನವರೇ ಅಕ್ಕನಿಗೆ ಕೊಟ್ಟದ್ದು, ಒಂದಕ್ಷರ ತಪ್ಪದೆ ಕೇಳಿಸುವಂಥದ್ದು. ಮೊದಲು ಕರಕರ ಅಂತು. ಆಮೇಲೆ ಸಾಕ್ಷಾತ್ ಮೈಕಿನಮ್ಮನ ಅಮೃತವಾಣಿ ಅಂಗಡಿ ತುಂಬ ಹರಿಯಿತು.

ಕುಕ್ಕರಿನ ವಿಷಲ್ ನುಂಗಿದವಳು ಅದನ್ನೇ ಕೊರಳಿಗೆ ಕಟ್ಟಿಕೊಂಡು ಕೂಗಲಿ ಅಂತಿತ್ತು ವಾಣಿ. ಅಲ್ಲಿಂದ ನಾದಿನಿಯ ನಡಿಗೆಗೆ ಹೋಯಿತು, ನಗುವಿಗೆ ಹೋಯಿತು, ಅವಳ ಮನೆಯ ಪರದೆಯ ಬಣ್ಣವನ್ನೂ ಬಿಡಲಿಲ್ಲ. ಗಿರಾಕಿಗಳು ಕಾಗದ ಕೈಗೆ ಬಂದರೂ ಕದಲಲಿಲ್ಲ. ಒಬ್ಬರು ಇನ್ನೂ ಎರಡು ಪ್ರತಿ ಬೇಕು ಅಂದರು.

ಮೈಕಿನವರು ರಿಪೇರಿ ಮಾಡಿದ ಪ್ರತಿ ಮೈಕನ್ನೂ ಅಡುಗೆಮನೆಯ ಕಿಟಕಿಯಲ್ಲಿಟ್ಟು ಪರೀಕ್ಷೆ ಮಾಡುತ್ತಿದ್ದರಂತೆ. ಎತ್ತರದ ದನಿ, ತಗ್ಗಿನ ದನಿ, ಪಾತ್ರೆ ಸದ್ದು, ಎಲ್ಲ ಒಟ್ಟಿಗೆ ಸಿಗುವ ಜಾಗ ಬೇರೆ ಎಲ್ಲೂ ಇಲ್ಲ ಅಂತ ಅಕ್ಕನ ಹತ್ತಿರ ಹೇಳುತ್ತಿದ್ದರಂತೆ. ಅಂಥವು ಡಬ್ಬಿಯಲ್ಲಿ ಇನ್ನೂರ ಹದಿನಾರು ಇದ್ದವು.

“ನನ್ನ ಮೇಲಿನದು ನಲವತ್ತೊಂದು. ಎಲ್ಲಾ ಕೇಳಿದೀನಿ,” ಅಂದಳು ನಾದಿನಿ. “ಹನ್ನೆರಡು ನಿಜ. ಉಳಿದದ್ದು ನಿನ್ನ ಕೈಚಳಕ.”

ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ಮೈಕಿನಮ್ಮನಿಗೆ. ಎದ್ದು ಹೋಗಲು ಚೀಲ ಹಿಡಿದಳು. ಅಷ್ಟರಲ್ಲಿ ಸ್ಪೀಕರಿನೊಳಗಿನ ಮೈಕಿನಮ್ಮ ಉಸಿರು ತೆಗೆದುಕೊಳ್ಳಲು ನಿಂತಳು. ಆ ಸಂದಿನಲ್ಲಿ ಒಂದು “ಹೂಂ” ಬಂತು.

ಮೂಗಿನಿಂದಲೇ.

ಅವಳು ಚೀಲ ಕೆಳಗಿಟ್ಟಳು. ಸ್ಪೀಕರಿನೊಳಗೆ ಮತ್ತೆ ಅವಳದೇ ಪ್ರವಾಹ. ಇವಳು ಒಂದು ಗಳಿಗೆ ಬಾಯಿ ಮುಚ್ಚಬಾರದಾ ಅಂತ ಜನ್ಮದಲ್ಲಿ ಮೊದಲ ಸಲ ತನ್ನನ್ನೇ ಬೈದುಕೊಂಡಳು. ಹತ್ತು ನಿಮಿಷ ಕಿವಿ ನೆಟ್ಟು ಕೂತದ್ದಕ್ಕೆ ನಾಲ್ಕು ಹೂಂ ಸಿಕ್ಕವು. ಕೊನೆಗೆ ಅವರ ದನಿ ಮೈಕಿನ ಹತ್ತಿರ ಬಂದು, ಮೆಲ್ಲಗೆ, ತಮಗೆ ತಾವೇ ಹೇಳಿಕೊಂಡಂತೆ: “ಎಲ್ಲಾ ಸ್ಪಷ್ಟ ಇದೆ. ಮೈಕು ಸರಿಯಾಗಿದೆ.”

ಗಿರಾಕಿಗಳು ಒಬ್ಬೊಬ್ಬರಾಗಿ ಇಳಿದು ಹೋದರು.

“ಇನ್ನೊಂದು ಹಾಕಿ ಅತ್ತಿಗೆ,” ಅಂದಳು ಮೈಕಿನಮ್ಮ. “ನಿಮ್ಮನ್ನ ಬೈದದ್ದೇ ಇರಲಿ. ಅದರಲ್ಲಿ ನಾನು ಜಾಸ್ತಿ ಉಸಿರು ತಗೋತೀನಿ.”

ಮೈಕಿನಮ್ಮ ಚೀಲದಲ್ಲಿ ತಂದಿದ್ದ ಮನೆಯ ಡಬ್ಬಿಯನ್ನು ನಾದಿನಿ ಸಂಜೆಯೊಳಗೆ ಖಾಲಿ ಮಾಡಿ, ಎಲ್ಲವನ್ನೂ ಅದಕ್ಕೂ ತುಂಬಿಸಿಕೊಟ್ಟಳು. ಎಸ್‌ಎಸ್‌ಡಿಯನ್ನು ವರ್ಷಗಟ್ಟಲೆ ಕರೆಂಟ್ ಕೊಡದೆ ಮೂಲೆಗಿಟ್ಟರೆ ಒಳಗಿನದು ಅಳಿಸಿ ಹೋಗಬಹುದು, ಆರು ತಿಂಗಳಿಗೊಮ್ಮೆ ಹಚ್ಚಿದರೆ ಸಾಕು ಅಂತ ಬುದ್ಧಿಯನ್ನೂ ಹೇಳಿದಳು. ಮೈಕಿನಮ್ಮ ಆರು ತಿಂಗಳನ್ನು ನಂಬಲಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲ, ದಿನಾ ಬಂದು ಇಲ್ಲೇ ಹಚ್ಚಿಕೊಂಡು ಹೋಗ್ತೀನಿ ಅಂದಳು. ನನ್ನ ಅಂಗಡಿ ಕರೆಂಟ್ ಪುಕ್ಕಟೆ ಬರಲ್ಲ ಅಂದಳು ನಾದಿನಿ.

ಈಗ ದಿನಾ ಬೆಳಿಗ್ಗೆ ಎಂಟೂವರೆಗೆ ಮೈಕಿನಮ್ಮ ಜೆರಾಕ್ಸ್ ಅಂಗಡಿಯ ಶಟರ್ ಎತ್ತುತ್ತಾಳೆ. ಕಸ ಗುಡಿಸುತ್ತಾಳೆ. ಡಬ್ಬಿ ಹಚ್ಚುತ್ತಾಳೆ. ಒದ್ದೆ ಬಟ್ಟೆ ಹಿಂಡಿಕೊಂಡು ಯಂತ್ರದ ಗಾಜು ಒರೆಸುತ್ತಾಳೆ. ನಾದಿನಿ ತನಗೆ ಬೇಕಾದ ಬೈಗುಳ ಆರಿಸಿ ಹಾಕುತ್ತಾಳೆ. ಅದು ಮುಗಿಯುವ ತನಕ ಇವಳು ಒರೆಸುತ್ತಲೇ ಇರುತ್ತಾಳೆ. ಆ ಗಾಜಿನ ಮೇಲೆ ಒಂದು ಚುಕ್ಕೆಯೂ ಸಿಗುವುದಿಲ್ಲ.